ಹೆಪಟೈಟಿಸ್-ಬಿ: ವರದಿಯಲ್ಲಿ ವೈರಸ್ ಇಲ್ಲ, ಮೈಯಲ್ಲಿ ಸುಸ್ತು ಹೋಗಿಲ್ಲ

ಪ್ರಶ್ನೆ:
ನಮಸ್ಕಾರ ಡಾಕ್ಟರ್. ನನಗೆ 41 ವರ್ಷ, ದಾವಣಗೆರೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ಒಂಬತ್ತು ವರ್ಷಗಳ ಹಿಂದೆ ಮಗ ಹೊಟ್ಟೆಯಲ್ಲಿದ್ದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್-ಬಿ ಇದೆ ಎಂದು ತಿಳಿಯಿತು. ಆಗ ಯಾವ ತೊಂದರೆಯೂ ಇಲ್ಲದ್ದರಿಂದ ಮರೆತುಬಿಟ್ಟಿದ್ದೆ. ಎರಡು ವರ್ಷಗಳ ಹಿಂದೆ ಯಕೃತ್ತಿನ ಉರಿಯೂತ ತೋರಿಸುವ ಎಸ್‌ಜಿಪಿಟಿ 140ಕ್ಕೆ ಏರಿತು, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಲಕ್ಷಗಳಲ್ಲಿ ಬಂತು, ದಿನಕ್ಕೊಂದು ಟೆನೊಫೊವಿರ್ 300 ಮಿಲಿಗ್ರಾಂ ಮಾತ್ರೆ ಆರಂಭಿಸಿದರು. ಈಗ ವೈರಸ್ ಪತ್ತೆಯಾಗುತ್ತಿಲ್ಲ, ಎಸ್‌ಜಿಪಿಟಿ 28. ಆದರೂ ಮೂರನೆಯ ಪೀರಿಯಡ್ ಮುಗಿಯುವಷ್ಟರಲ್ಲಿ ನಿಂತು ಪಾಠ ಮಾಡಲು ಆಗುವುದಿಲ್ಲ, ಸಂಜೆ ಮನೆಗೆ ಬಂದರೆ ಸೊಪ್ಪು ಬಿಡಿಸಲೂ ಕೈ ಏಳುವುದಿಲ್ಲ. ಅತ್ತೆಯವರ ಮಾತಿನಂತೆ ಮೂರು ತಿಂಗಳಿಂದ ನೆಲನೆಲ್ಲಿ ಮತ್ತು ಅಮೃತಬಳ್ಳಿಯ ಕಷಾಯ ಕುಡಿಯುತ್ತಾ, ಎಣ್ಣೆ, ಬೇಳೆ, ಮೊಟ್ಟೆ ಬಿಟ್ಟು ಗಂಜಿಯ ಪಥ್ಯದಲ್ಲಿದ್ದೇನೆ. ಸುಸ್ತು ಹೆಚ್ಚೇ ಆಗಿದೆ. ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ನಿಲ್ಲಿಸಿಬಿಡಲೇ?

ವೈದ್ಯರ ಉತ್ತರ:
ನಮಸ್ಕಾರ ಮೇಡಂ. ಮೊದಲಿಗೆ, ದಯವಿಟ್ಟು ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬೇಡಿ. ಈ ವೈರಸ್ ತನ್ನ ವಂಶವಾಹಿಯ ಒಂದು ಸುರುಳಿಯನ್ನು ಯಕೃತ್ತಿನ ಜೀವಕೋಶದ ಕೇಂದ್ರದೊಳಗೆ ಅಡಗಿಸಿಟ್ಟಿರುತ್ತದೆ. ಟೆನೊಫೊವಿರ್ ಆ ಸುರುಳಿಯನ್ನು ಅಳಿಸಲಾರದು, ಅದರಿಂದ ಹೊಸ ವೈರಸ್‌ಗಳು ಹುಟ್ಟದಂತೆ ತಡೆಯುತ್ತದೆ ಅಷ್ಟೆ. ತಡೆ ತೆಗೆದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ವೈರಸ್ ಮತ್ತೆ ಏರಿ, ಯಕೃತ್ತು ಒಮ್ಮೆಲೇ ಊದಿಕೊಂಡು, ಕಾಮಾಲೆಯಿಂದ ಹಿಡಿದು ಯಕೃತ್ತಿನ ವೈಫಲ್ಯದವರೆಗೂ ಹೋದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ನಿಮ್ಮ ಹಾಗೆಯೇ ‘ಸುಸ್ತು ಹೋಗಲಿಲ್ಲ’ ಎಂಬ ಒಂದೇ ಕಾರಣಕ್ಕೆ ಮಾತ್ರೆ ಬಿಟ್ಟವರು.

ನಿಮ್ಮ ಸುಸ್ತು ನಿಜವಾದದ್ದು. ವರದಿ ಚೆನ್ನಾಗಿದೆಯೆಂದು ಯಾರಾದರೂ ಅದನ್ನು ಮನಸ್ಸಿನ ಭ್ರಮೆ ಎಂದಿದ್ದರೆ ಒಪ್ಪಬೇಡಿ. ಆದರೆ ಸುಸ್ತು ಈ ಕಾಯಿಲೆಯ ಅಳತೆಗೋಲಲ್ಲ. ಎಸ್‌ಜಿಪಿಟಿ ಏರಿದ್ದರೂ ಹೊಲದಲ್ಲಿ ದಿನವಿಡೀ ದುಡಿಯುವವರಿದ್ದಾರೆ, ಎಲ್ಲ ಅಂಕಿಗಳೂ ಸರಿಯಿದ್ದು ಹಾಸಿಗೆಯಿಂದ ಏಳಲಾಗದವರೂ ಇದ್ದಾರೆ. ಆದ್ದರಿಂದ ಮಾತ್ರೆ ವೈರಸ್ಸನ್ನು ತಡೆಯುವ ತನ್ನ ಕೆಲಸ ಮಾಡಲಿ. ಸುಸ್ತಿನ ಕಾರಣವನ್ನು ನಾವು ಬೇರೆಯಾಗಿ ಹುಡುಕೋಣ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್, ಬಿ12, ವಿಟಮಿನ್ ಡಿ, ಸಕ್ಕರೆ ಇವನ್ನು ಮಾಡಿಸಿ. ಟೆನೊಫೊವಿರ್ ತೆಗೆದುಕೊಳ್ಳುವವರು ಮೂತ್ರಪಿಂಡದ ಮೇಲೆ ಕಣ್ಣಿಡಬೇಕಾದ್ದರಿಂದ ಕ್ರಿಯಾಟಿನಿನ್ ಮತ್ತು ಫಾಸ್ಫೇಟನ್ನೂ ಸೇರಿಸಿ. ನಿದ್ರೆ ಹೇಗಿದೆ, ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯೇ, ಮೊದಲು ಸಂತೋಷ ಕೊಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ ಎಂಬುದನ್ನೂ ಬರೆಯಿರಿ.

ಇನ್ನು ಕಷಾಯದ ವಿಷಯ. ನೆಲನೆಲ್ಲಿಯನ್ನು ನಮ್ಮ ಹಿರಿಯರು ಕಾಮಾಲೆಗೆ ಕೊಡುತ್ತಾ ಬಂದಿದ್ದಾರೆ, ವಿಜ್ಞಾನವೂ ಅದನ್ನು ಕಡೆಗಣಿಸಲಿಲ್ಲ. ಈ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೇ ಮದ್ರಾಸಿನ ಸಂಶೋಧಕರೊಂದಿಗೆ ಈ ಗಿಡವನ್ನು ಪರೀಕ್ಷಿಸಿದರು. 1988ರಲ್ಲಿ ಪ್ರಕಟವಾದ ಮೊದಲ ಫಲಿತಾಂಶ ದೊಡ್ಡ ಆಸೆ ಹುಟ್ಟಿಸಿತ್ತು, ಆದರೆ ಬೇರೆಡೆ ನಡೆದ ಅನಂತರದ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ಹೆಪಟೈಟಿಸ್-ಎ ಅಥವಾ ಇ ಯಿಂದ ಬರುವ ಕಾಮಾಲೆ ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ; ವಾಸಿಮಾಡಿದ ಹೆಸರು ಮಾತ್ರ ನೆಲನೆಲ್ಲಿಗೆ ಹೋಗುತ್ತದೆ. ಅಮೃತಬಳ್ಳಿಯ ಬಗ್ಗೆ ನನಗೆ ನಿಜವಾದ ಆತಂಕವಿದೆ. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿ ಯಕೃತ್ತಿನ ಉರಿಯೂತಕ್ಕೆ ಒಳಗಾದವರನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಎರಡನ್ನೂ ಇಂದೇ ನಿಲ್ಲಿಸಿ, ಒಂದು ತಿಂಗಳ ಬಳಿಕ ಎಸ್‌ಜಿಪಿಟಿ ನೋಡೋಣ. ಅತ್ತೆಯವರು ಅಕ್ಕರೆಯಿಂದಲೇ ಮಾಡಿಕೊಟ್ಟಿದ್ದಾರೆ, ಅವರಿಗೆ ನೋವಾಗದಂತೆ ನನ್ನ ಹೆಸರು ಹೇಳಿ ನಿಲ್ಲಿಸಿ.

ಗಂಜಿಯ ಪಥ್ಯವನ್ನೂ ಬಿಡಿ. ಬೇಳೆ, ಮೊಟ್ಟೆ ಇಲ್ಲದೆ ಮೂರು ತಿಂಗಳು ಕಳೆದರೆ ಆರೋಗ್ಯವಂತರ ಮಾಂಸಖಂಡವೂ ಕರಗುತ್ತದೆ, ಕರಗಿದ ಮಾಂಸಖಂಡವೇ ಸುಸ್ತು. ಮುದ್ದೆ, ಸೊಪ್ಪಿನ ಸಾರು, ಹುರುಳಿ, ಮೊಟ್ಟೆ, ಮೊಸರು, ಅಳತೆಯ ಎಣ್ಣೆ ಯಾವುದಕ್ಕೂ ನಿಮ್ಮ ಯಕೃತ್ತಿನ ಅಡ್ಡಿಯಿಲ್ಲ. ಪೂರ್ತಿ ದೂರವಿಡಬೇಕಾದದ್ದು ಮದ್ಯವೊಂದೇ.

ಮತ್ತೊಬ್ಬ ಸದಸ್ಯರು:
ಕ್ಷಮಿಸಿ, ನಡುವೆ ಕೇಳುತ್ತಿದ್ದೇನೆ. ನನ್ನ ಅಣ್ಣನಿಗೂ ಇದೇ ಕಾಯಿಲೆ. ಮನೆಯಲ್ಲಿ ಅವನಿಗೆ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಇದು ಅಗತ್ಯವೇ? ಮಾತ್ರೆಯ ಖರ್ಚೂ ಭಾರವಾಗುತ್ತಿದೆ.

ವೈದ್ಯರ ಉತ್ತರ:
ಖಂಡಿತ ಅಗತ್ಯವಿಲ್ಲ, ಇಂದೇ ಒಟ್ಟಿಗೆ ಕೂತು ಊಟ ಮಾಡಿ. ಇದು ರಕ್ತ, ಲೈಂಗಿಕ ಸಂಪರ್ಕ ಮತ್ತು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಹರಡುವ ಕಾಯಿಲೆ, ಎಂಜಲಿನ ತಟ್ಟೆಯಿಂದ ಬರುವುದಿಲ್ಲ. ಬೇರೆ ಇಡಬೇಕಾದದ್ದು ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್. ಒಣಗಿದ ರಕ್ತದಲ್ಲೂ ಈ ವೈರಸ್ ಏಳು ದಿನವಾದರೂ ಬದುಕಿರಬಲ್ಲದು. ಖರ್ಚಿನ ವಿಷಯದಲ್ಲಿ, 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧಿ ಉಚಿತವಾಗಿ ಸಿಗುತ್ತವೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಿ.

ಪ್ರಶ್ನೆ ಕೇಳಿದವರು:
ಡಾಕ್ಟರ್, ವರದಿಗಳು ಬಂದಿವೆ. ಹಿಮೋಗ್ಲೋಬಿನ್ 8.9, ಫೆರಿಟಿನ್ 6. ಥೈರಾಯ್ಡ್, ಕ್ರಿಯಾಟಿನಿನ್ ಎಲ್ಲ ಸರಿಯಿವೆ. ಮುಟ್ಟಿನಲ್ಲಿ ಎಂಟು ದಿನ ರಕ್ತ ಹೋಗುತ್ತದೆ, ಅದು ವಯಸ್ಸಿನದ್ದೆಂದು ಸುಮ್ಮನಿದ್ದೆ. ರಕ್ತ ಸರಿಯಾಗುವವರೆಗೆ ಶಾಲೆಯ ದಿನವನ್ನು ಹೇಗೆ ಕಳೆಯಲಿ?

ವೈದ್ಯರ ಉತ್ತರ:
ನಿಮ್ಮ ಸುಸ್ತಿನ ದೊಡ್ಡ ಪಾಲು ಈ ರಕ್ತಹೀನತೆಯಲ್ಲೇ ಇದೆ ಮೇಡಂ. ಕಬ್ಬಿಣದ ಮಾತ್ರೆಯನ್ನು ಚಹಾ, ಕಾಫಿ, ಹಾಲಿನ ಜೊತೆಗಲ್ಲದೆ ನಿಂಬೆ ಪಾನಕದೊಂದಿಗೆ ತೆಗೆದುಕೊಳ್ಳಿ. ಹಿಮೋಗ್ಲೋಬಿನ್ ಏರಿದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು. ರಕ್ತಸ್ರಾವಕ್ಕೆ ಸ್ತ್ರೀರೋಗ ತಜ್ಞರನ್ನು ಈ ವಾರವೇ ಕಾಣಿರಿ, ಸೋರುವ ಕೊಡಕ್ಕೆ ನೀರು ತುಂಬಿದಂತಾಗಬಾರದು.

ದಿನದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸ್ವಲ್ಪ ಚೇತರಿಕೆ ಕಂಡ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿ, ಮರುದಿನ ಮಲಗಿಬಿಡುವುದೇ ದೀರ್ಘಕಾಲದ ರೋಗಿಗಳು ಮಾಡುವ ತಪ್ಪು. ಒಳ್ಳೆಯ ದಿನವೂ ಕೆಟ್ಟ ದಿನವೂ ಕೆಲಸ ಒಂದೇ ಅಳತೆಯಲ್ಲಿರಲಿ. ಮುಖ್ಯೋಪಾಧ್ಯಾಯರನ್ನು ಕೇಳಿ ಎರಡು ಪೀರಿಯಡ್‌ಗಳ ನಡುವೆ ಒಂದು ಬಿಡುವು ಹಾಕಿಸಿಕೊಳ್ಳಿ, ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ, ರಕ್ತಹೀನತೆ ಎಂದರೆ ಸಾಕು, ಅದು ಸುಳ್ಳೂ ಅಲ್ಲ. ಕೂತು ಪಾಠ ಮಾಡಿ. ಸಂಜೆ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ, ಮರುದಿನ ಮೈ ಭಾರವೆನಿಸದಿದ್ದರೆ ಮಾತ್ರ ವಾರಕ್ಕೆ ಎರಡು ನಿಮಿಷ ಹೆಚ್ಚಿಸಿ. ಆರು ತಿಂಗಳಿಗೊಮ್ಮೆ ಎಸ್‌ಜಿಪಿಟಿ, ವೈರಲ್ ಲೋಡ್ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ತಪ್ಪದಿರಲಿ.

ನೀವು ಕೇಳದೆ ಉಳಿದ ಒಂದು ವಿಷಯವಿದೆ. ದೊಡ್ಡವರಾದ ಮೇಲೆ ಸೋಂಕು ತಗುಲಿದವರಲ್ಲಿ ಅದು ಶಾಶ್ವತವಾಗಿ ಉಳಿಯುವುದು ನೂರರಲ್ಲಿ 5ಕ್ಕಿಂತ ಕಡಿಮೆ ಜನರಿಗೆ. ಹುಟ್ಟುವಾಗ ಅಂಟಿದರೆ ಸುಮಾರು 90 ಮಕ್ಕಳಿಗೆ. ಹಾಗಾಗಿ ನಿಮಗಿದು ತಾಯಿಯಿಂದಲೋ ಎಳವೆಯಲ್ಲೋ ಬಂದಿರುವ ಸಾಧ್ಯತೆಯೇ ಹೆಚ್ಚು. ಇದರಲ್ಲಿ ಅವರದಾಗಲಿ ನಿಮ್ಮದಾಗಲಿ ತಪ್ಪಿಲ್ಲ, ಆಗ ನಮ್ಮ ದೇಶದ ಮಕ್ಕಳ ಲಸಿಕೆ ಪಟ್ಟಿಯಲ್ಲಿ ಈ ಲಸಿಕೆ ಇರಲಿಲ್ಲ. ನಿಮ್ಮ ತಾಯಿ, ಒಡಹುಟ್ಟಿದವರು, ಪತಿ ಮತ್ತು ಮಕ್ಕಳು ಎಲ್ಲರೂ ಈ ಸೋಂಕು ಇದೆಯೇ ಎಂದು ತಿಳಿಸುವ ಎಚ್‌ಬಿಎಸ್‌ಎಜಿ ರಕ್ತಪರೀಕ್ಷೆ ಮಾಡಿಸಲಿ. ಮಗನಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಹಾಕಿದ್ದರೇ ಎಂದು ತಾಯಿ ಕಾರ್ಡಿನಲ್ಲಿ ನೋಡಿ, ಅವನ ವರದಿಯೊಂದಿಗೆ ಇಲ್ಲೇ ತಿಳಿಸಿ.