ಟೋಕೆ ಗೆಕ್ಕೊ: ಮೊದಲೆರಡು ವಾರ ಸಾಧು, ಈಗ ಕೈಗೇ ಬಾಯಿ ಹಾಕುತ್ತಿದೆ

ಡಲ್ಲಾಸ್ ಅಮ್ಮ:
ಮಗನ ಹಠಕ್ಕೆ ಸೋತು ಹೋದ ತಿಂಗಳು ಇಲ್ಲಿನ ಮೇಳದಲ್ಲಿ ಒಂದು ಟೋಕೆ ಗೆಕ್ಕೊ ತಂದೆವು. ನೀಲಿ-ಬೂದು ಮೈ, ಕಿತ್ತಳೆ ಚುಕ್ಕಿ. ನಮ್ಮೂರ ಗೋಡೆ ಹಲ್ಲಿಯ ದೊಡ್ಡಪ್ಪ ಅನ್ನಬಹುದು. ಮೊದಲೆರಡು ವಾರ ಮಗ ಅದನ್ನು ಅಂಗೈ ಮೇಲೆ ಕೂರಿಸಿಕೊಂಡೇ ಹೋಂವರ್ಕ್ ಮಾಡುತ್ತಿದ್ದ. ಈಗ ಗಾಜಿನ ಬಾಗಿಲು ಸರಿಸಿದರೆ ಸಾಕು, ಬಾಯಿ ಅಗಲಿಸಿ ನಿಲ್ಲುತ್ತದೆ. ಮೊನ್ನೆ ಹೆಬ್ಬೆರಳು ಕಚ್ಚಿದ್ದು ಬಿಡಲೇ ಇಲ್ಲ. ಅವನ ಗೆಳೆಯನ ಬಿಯರ್ಡೆಡ್ ಡ್ರ್ಯಾಗನ್ (ಅದೂ ಒಂದು ಸಾಕು ಹಲ್ಲಿ) ಭುಜದ ಮೇಲೆ ಕೂತು ಟೀವಿ ನೋಡುತ್ತದೆ! ನಾವೇನು ತಪ್ಪು ಮಾಡಿದೆವು?

ಹಳೇ ಹಲ್ಲಿ:
ಏನೂ ಇಲ್ಲ ಅಕ್ಕ. ಅದು ಕೆಟ್ಟಿಲ್ಲ, ಚೇತರಿಸಿಕೊಂಡಿದೆ.

ನನ್ನ ಮೊದಲ ಟೋಕೆಯೂ ಹೀಗೇ. ತಂದಾಗ ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. 'ಎಷ್ಟು ಒಳ್ಳೆಯದು ಪಾಪ' ಅಂತ ಎಲ್ಲರಿಗೂ ತೋರಿಸಿದೆ. ನಿಜ ಏನೆಂದರೆ, ಕಾಡಲ್ಲಿ ಹಿಡಿದು ಡಬ್ಬಿಗೆ ತುಂಬಿ ವಿಮಾನ ಹತ್ತಿಸಿದ ಜೀವಕ್ಕೆ ನೀರಿಲ್ಲದೆ ಕಚ್ಚುವ ಶಕ್ತಿಯೇ ಇರಲಿಲ್ಲ. ಹೊಟ್ಟೆ ತುಂಬಿದ ಮೇಲೆ ನನ್ನ ಬೆರಳಿಗೆ ಅದರ ನಿಜವಾದ ಸ್ವಭಾವ ಗೊತ್ತಾಯಿತು.

ಬಿಯರ್ಡೆಡ್ ಡ್ರ್ಯಾಗನ್ ಜೊತೆ ಹೋಲಿಸಬೇಡಿ, ಅದು ಎಮ್ಮೆ ಪಕ್ಕ ಕಾಡುಕೋಣ ಕಟ್ಟಿದ ಹಾಗೆ. ಅದರ ತವರು ಆಸ್ಟ್ರೇಲಿಯಾ 1960ರ ದಶಕದಲ್ಲೇ ರಫ್ತು ನಿಲ್ಲಿಸಿತು. ಅಂಗಡಿಯಲ್ಲಿ ಸಿಗುವವೆಲ್ಲ ಮನೆಯಲ್ಲೇ ಹುಟ್ಟಿದವುಗಳ ಮರಿಮಕ್ಕಳು. ಮೊದಲೇ ಮೆತ್ತಗಿನ ಜಾತಿ ಬೇರೆ.

ಹಾಗಂತ ಮನೆಯಲ್ಲಿ ಹುಟ್ಟಿದ ಟೋಕೆ ಸಾಧು ಅಂದುಕೊಳ್ಳಬೇಡಿ. ನನ್ನಲ್ಲಿ ಮೊಟ್ಟೆ ಒಡೆದ ಮರಿಗಳು ಬೆರಳುದ್ದ ಇದ್ದಾಗಲೇ ಬಾಯಿ ತೆರೆದವು. ಆದರೆ ನಾಲ್ಕೈದು ತಿಂಗಳಲ್ಲಿ ಇಕ್ಕಳದಿಂದ ಹುಳ ತಿನ್ನತೊಡಗಿದವು. ಕಾಡಿನದಕ್ಕೆ ಒಂದೂವರೆ ವರ್ಷ ಹಿಡಿಯಿತು. ಇವತ್ತಿಗೂ ಎತ್ತಿಕೊಳ್ಳಲು ಬಿಡುವುದಿಲ್ಲ.

ನಿಮ್ಮದರ ಬಾಲದ ಪಟ್ಟೆ ಅರ್ಧಕ್ಕೇ ನಿಂತಿದೆಯಾ?

ಡಲ್ಲಾಸ್ ಅಮ್ಮ:
ಹೌದು! ತುದಿ ಬರೀ ಬೂದು. ಆದರೆ ಮಾರಿದವರು 'ಫಾರಂನಲ್ಲಿ ಹುಟ್ಟಿದ್ದು' ಅಂದಿದ್ದರು.

ಹಳೇ ಹಲ್ಲಿ:
ಬಾಲ ಒಮ್ಮೆ ಕಳಚಿ ಮತ್ತೆ ಬೆಳೆದಿದೆ. ಕಾಡಿನದು ಅನ್ನಲು ಅದೊಂದೇ ಸಾಕ್ಷಿ ಆಗುವುದಿಲ್ಲ. ಫಾರಂ ಮಾತನ್ನೂ ಸುಮ್ನೆ ನಂಬಬೇಡಿ. ಇಂಡೋನೇಷ್ಯಾದಿಂದ 'ಫಾರಂನವು' ಅಂತ ಹೊರಟ ಹಸಿರು ಹೆಬ್ಬಾವುಗಳಲ್ಲಿ ಕನಿಷ್ಠ ಶೇ 80 ಕಾಡಿನವೇ ಎಂದು 2011ರ ಅಧ್ಯಯನವೊಂದು ಹೇಳಿತ್ತು. ಮೊದಲು ಹಿಕ್ಕೆ ಪರೀಕ್ಷೆ ಮಾಡಿಸಿ, ಹೊಟ್ಟೆಹುಳ ಜಾಸ್ತಿ ಇರುತ್ತದೆ. ಅಡಗಲು ಎರಡು ತೊಗಟೆ ನಿಲ್ಲಿಸಿ, ಒಂದು ತಿಂಗಳು ಕೈ ಹಾಕಬೇಡಿ. ಮತ್ತೆ ಕಚ್ಚಿದರೆ ಎಳೆಯಬೇಡಿ, ದವಡೆಗೆ ಏಟಾಗುತ್ತದೆ. ಕೈಯನ್ನು ನೆಲಕ್ಕೆ ಇಳಿಸಿ, ಕಾಲಿಗೆ ನೆಲ ಸಿಕ್ಕರೆ ಸಾಮಾನ್ಯವಾಗಿ ಬಿಡುತ್ತದೆ.

ಜಯನಗರ ಹುಡುಗ:
ಸರ್, ಇದು ಬೆಂಗಳೂರಲ್ಲಿ ಸಿಗುತ್ತಾ?

ಹಳೇ ಹಲ್ಲಿ:
ಟೋಕೆ ನಮ್ಮ ಈಶಾನ್ಯ ರಾಜ್ಯಗಳ ಹಲ್ಲಿ. 1972ರ ವನ್ಯಜೀವಿ ಕಾಯ್ದೆ ಇದೆ, ಸಾಕುವಂತಿಲ್ಲ. ಸಿಕ್ಕರೂ ಬೇಡ ಮಾರಾಯ.

ಡಲ್ಲಾಸ್ ಅಮ್ಮ:
ನಿನ್ನೆ ರಾತ್ರಿ ಎರಡು ಗಂಟೆಗೆ 'ಟೋ-ಕೇ' ಅಂತ ಏಳು ಸಲ ಕೂಗಿತು. ನನ್ನ ಗಂಡ ಹೊಗೆ ಅಲಾರಂ ಅಂದುಕೊಂಡು ಏಣಿ ತಂದರು.