ರೌಟರ್ ಹೊಸತು, ಕಂಪ್ಯೂಟರ್ ಹೊಸತು, ಬಿಲ್ ಮಾತ್ರ ಆಗುತ್ತಿಲ್ಲ: ಕನೆಕ್ಷನ್ ಸ್ಟ್ರಿಂಗ್ ಪ್ರಶ್ನೋತ್ತರ

ಪ್ರಶ್ನೆ (ಮಲ್ಪೆಯಿಂದ)

ಸರ್, ನಮಸ್ಕಾರ. ನಾನು ಮಲ್ಪೆಯಲ್ಲಿ ಒಂದು ಐಸ್ ಪ್ಲಾಂಟಿನ ಲೆಕ್ಕ ನೋಡಿಕೊಳ್ಳುತ್ತೇನೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ ಅಲ್ವಾ, ಆಗ ಪ್ಲಾಂಟ್ ಬಂದ್ ಇತ್ತು. ಆ ಸಮಯದಲ್ಲಿ ಸಿಡಿಲಿಗೆ ರೌಟರ್ ಸುಟ್ಟಿತು. ಲೋಡಿಂಗ್ ಕೌಂಟರಿನ ಕಂಪ್ಯೂಟರ್ ಕೂಡ ಹೋಯಿತು. ಎರಡನ್ನೂ ಹೊಸತು ತಂದೆವು. ಆಫೀಸಿನ ಕಂಪ್ಯೂಟರ್ ಹಳೆಯದೇ ಉಂಟು, ಡೇಟಾ ಎಲ್ಲ ಅದರಲ್ಲೇ ಇರುವುದು.

ಬಿಲ್ಲಿಂಗ್ ಸಾಫ್ಟ್‌ವೇರ್ ವಿಬಿ6ರಲ್ಲಿ, ಅಂದರೆ ವಿಷುವಲ್ ಬೇಸಿಕ್ 6 ಎನ್ನುವ ಹಳೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡಿದ್ದು. ಮಾಡಿಕೊಟ್ಟವರು ಈಗ ದುಬೈಯಲ್ಲಿದ್ದಾರೆ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ 'ನಾಟ್ ಎ ವ್ಯಾಲಿಡ್ ಪಾತ್' ಅಂತ ಬಂತು. ಧಣಿಗಳ ಅಳಿಯ ಇಂಟರ್ನೆಟ್ಟಿನಲ್ಲಿ ನೋಡಿ ಸೆಟ್ಟಿಂಗ್ ಫೈಲಿನಲ್ಲಿ 'ಜೆಟ್' ಇದ್ದದ್ದನ್ನು 'ಏಸ್' ಮಾಡಿದರು. ಆಗ 'ಪ್ರೊವೈಡರ್ ನಾಟ್ ರಿಜಿಸ್ಟರ್ಡ್' ಅಂತ ಬಂತು. ಕೊನೆಗೆ ಹಳೆ ಸಾಲನ್ನೇ ಇಟ್ಟು, ಡೇಟಾ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಕೌಂಟರ್ ಕಂಪ್ಯೂಟರಿನ ಡಿ ಡ್ರೈವಿಗೆ ಹಾಕಿ, ದಾರಿಯನ್ನು ಅಲ್ಲಿಗೆ ತಿರುಗಿಸಿದರು. ಈಗ ತೆರೆಯುತ್ತದೆ. ಆದರೆ ಎರಡು ದಿನದಿಂದ ಕೌಂಟರಿನಲ್ಲಿ ಹಾಕಿದ ಬಿಲ್ ಆಫೀಸಿನಲ್ಲಿ ಕಾಣುವುದಿಲ್ಲ. ಬೋಟಿನವರ ಬಾಕಿ ಎಲ್ಲ ತಪ್ಪು ತೋರಿಸುತ್ತಿದೆ. ಎಂತ ಮಾಡುವುದು?

ಹಳೆ ಸಾಲು ಹೀಗಿತ್ತು:
ಪ್ರೊವೈಡರ್=ಮೈಕ್ರೋಸಾಫ್ಟ್.ಜೆಟ್.ಓಎಲ್‌ಇಡಿಬಿ.4.0; ಡೇಟಾ ಸೋರ್ಸ್=\\192.168.1.5\ಲೆಕ್ಕ\ಐಸ್.ಎಂಡಿಬಿ;

ಉತ್ತರ

ಅಕ್ಕ, ಮೊದಲು ಕೌಂಟರಿನಲ್ಲಿ ಬಿಲ್ ಹಾಕುವುದನ್ನು ನಿಲ್ಲಿಸಿ. ಈಗಲೇ. ಬೇಕಾದರೆ ಎರಡು ಗಂಟೆ ಪುಸ್ತಕದಲ್ಲಿ ಬರೆಯಿರಿ. ನಿಮ್ಮಲ್ಲಿ ಈಗ ಎರಡು ಲೆಕ್ಕದ ಪುಸ್ತಕ ಆಗಿದೆ, ಒಂದು ಆಫೀಸಿನಲ್ಲಿ, ಒಂದು ಕೌಂಟರಿನಲ್ಲಿ. ಎರಡರಲ್ಲೂ ಒಂದೇ ಬಿಲ್ ನಂಬರಿಗೆ ಬೇರೆ ಬೇರೆ ಬೋಟು ಇರಬಹುದು. ದಿನ ಕಳೆದಷ್ಟು ಬಿಡಿಸುವುದು ಕಷ್ಟ.

ಎರಡೂ ಫೈಲಿನ ಪ್ರತಿಯನ್ನು ತಾರೀಕು ಬರೆದು ಬೇರೆ ಕಡೆ ಇಟ್ಟುಕೊಳ್ಳಿ. ಒಂದರ ಮೇಲೆ ಇನ್ನೊಂದನ್ನು ಪೇಸ್ಟ್ ಮಾಡಬೇಡಿ, ಯಾರು ಹೇಳಿದರೂ ಮಾಡಬೇಡಿ. ಪೇಸ್ಟ್ ಮಾಡಿದರೆ ಲೆಕ್ಕ ಸೇರುವುದಿಲ್ಲ, ಒಂದು ಕಡೆಯದ್ದು ಪೂರ್ತಿ ಅಳಿಸಿ ಹೋಗುತ್ತದೆ. ಕೌಂಟರಿನ ಎರಡು ದಿನದ ಬಿಲ್ಲುಗಳ ಪ್ರಿಂಟ್ ತೆಗೆಯಿರಿ. ಆಫೀಸಿನ ಫೈಲೇ ಅಸಲಿ ಅಂತ ಇಟ್ಟುಕೊಂಡು, ಆ ಬಿಲ್ಲುಗಳನ್ನು ಅದಕ್ಕೆ ಕೈಯಲ್ಲೇ ಹಾಕಿ. ಸೀಸನ್ ಶುರುವಿನಲ್ಲಿ ಇದು ಬೇಸರದ ಕೆಲಸ, ಗೊತ್ತು. ಆದರೆ ಎರಡು ದಿನದ್ದಕ್ಕೆ ಇದೇ ಸುರಕ್ಷಿತ.

ಈಗ ಮೂಲ ತೊಂದರೆಗೆ ಬರೋಣ. ನಿಮ್ಮ ಆ ಸಾಲಿಗೆ ಕನೆಕ್ಷನ್ ಸ್ಟ್ರಿಂಗ್ ಅನ್ನುತ್ತಾರೆ, ಪ್ರೋಗ್ರಾಂ ಡೇಟಾವನ್ನು ಹುಡುಕಿ ತೆರೆಯುವುದು ಅದನ್ನು ನೋಡಿ. ಅದರಲ್ಲಿ ಎರಡೇ ಸಂಗತಿ ಇದೆ. 'ಪ್ರೊವೈಡರ್' ಅಂದರೆ ಯಾರು ಫೈಲನ್ನು ಓದಿ ಕೊಡುತ್ತಾರೆ ಎನ್ನುವುದು; ಜೆಟ್, ಏಸ್ ಎರಡೂ ಅಂಥವೇ. 'ಡೇಟಾ ಸೋರ್ಸ್' ಅಂದರೆ ಫೈಲ್ ಎಲ್ಲಿದೆ ಎನ್ನುವುದು. ಮೊದಲು ಬಂದ ಸಂದೇಶ 'ಈ ದಾರಿ ಸರಿ ಇಲ್ಲ' ಅಂತ ಎರಡನೆಯದರ ಬಗ್ಗೆ ದೂರು ಹೇಳಿತು. ಅಳಿಯ ಮೊದಲನೆಯದನ್ನು ಬದಲಿಸಿದರು. ಹಾಗಾಗಿ ಹಳೆ ತೊಂದರೆ ಹಾಗೇ ಉಳಿದು, ಅದರ ಮೇಲೆ ಇನ್ನೊಂದು ಬಂದು ಕೂತಿತು.

ಆ ಎರಡನೆಯದು ಯಾಕೆ ಬಂತು ಎನ್ನುವುದನ್ನೂ ಹೇಳುತ್ತೇನೆ, ಸುಮಾರು ಜನ ಇದರಲ್ಲೇ ಸಿಕ್ಕಿಕೊಳ್ಳುತ್ತಾರೆ. ವಿಬಿ6ರ ಪ್ರೋಗ್ರಾಂ ಯಾವಾಗಲೂ 32 ಬಿಟ್. 32 ಬಿಟ್ ಪ್ರೋಗ್ರಾಂಗೆ 32 ಬಿಟ್ ಪ್ರೊವೈಡರೇ ಬೇಕು. ವಿಂಡೋಸ್ 64 ಆಗಿದ್ದರೂ ಪರವಾಗಿಲ್ಲ, ಜೆಟ್ 4.0 ಅದರ ಒಳಗೇ 32 ಬಿಟ್ ರೂಪದಲ್ಲಿ ಬರುತ್ತದೆ. ಏಸ್ ಹಾಗಲ್ಲ. ಅದು ಆಫೀಸ್ 2007ರ ಜೊತೆ ಬಂದದ್ದು, ಬೇರೆಯಾಗಿ ಹಾಕಬೇಕು. ಈಗಿನ ಎಂಎಸ್ ಆಫೀಸ್ 2019ರ ನಂತರ ಸುಮ್ನೆ ಇನ್‌ಸ್ಟಾಲ್ ಮಾಡಿದರೆ 64 ಬಿಟ್ಟೇ ಬರುತ್ತದೆ. ಆಗ ಕಂಪ್ಯೂಟರಿನಲ್ಲಿ ಏಸ್ ಇದ್ದರೂ ನಿಮ್ಮ ಪ್ರೋಗ್ರಾಮಿನ ಕಣ್ಣಿಗೆ ಅದು ಬೀಳುವುದಿಲ್ಲ. ನಿಮ್ಮದು ಎಂಡಿಬಿ, ಅಂದರೆ ಹಳೆ ಮಾದರಿಯ ಆಕ್ಸೆಸ್ ಡೇಟಾಬೇಸ್ ಫೈಲ್, ಅದಕ್ಕೆ ಜೆಟ್ ಸಾಕು. ಹೊಸ ಮಾದರಿಯ ಎಸಿಸಿಡಿಬಿ ಫೈಲ್ ಆಗಿದ್ದರೆ ಮಾತ್ರ ಏಸ್ ಬೇಕೇ ಬೇಕು.

ಹಾಗಾದರೆ ದಾರಿ ಯಾಕೆ ತಪ್ಪಿತು? ನನ್ನ ಅನುಮಾನ ರೌಟರಿನ ಮೇಲೆ. ಸ್ಟ್ರಿಂಗ್ ತಾನಾಗಿ ಹಾಳಾಗುವುದಿಲ್ಲ ಅಕ್ಕ, ಅದರ ಸುತ್ತ ಏನೋ ಬದಲಾಗಿರುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ಕಪ್ಪು ಕಮಾಂಡ್ ಕಿಟಕಿ ತೆರೆದು 'ಐಪಿಕಾನ್ಫಿಗ್' ಅಂತ ಟೈಪ್ ಮಾಡಿ, 'ಐಪಿವಿ4 ಅಡ್ರೆಸ್' ಎದುರು ಏನಿದೆ ನೋಡಿ ಹೇಳಿ. ಹಾಗೇ ಆ ಕಂಪ್ಯೂಟರಿನ ಹೆಸರನ್ನೂ ಹೇಳಿ.

ಮಲ್ಪೆಯಿಂದ

192.168.0.102 ಅಂತ ಉಂಟು ಸರ್. ಹೆಸರು ಆಫೀಸ್‌ಪಿಸಿ.

ಉತ್ತರ

ಅದೇ ನೋಡಿ. ಹಳೆ ರೌಟರ್ 192.168.1 ಸಾಲಿನಲ್ಲಿ ನಂಬರ್ ಕೊಡುತ್ತಿತ್ತು, ಹೊಸತು 192.168.0 ಸಾಲಿನಲ್ಲಿ ಕೊಡುತ್ತಿದೆ. ನಿಮ್ಮ ಸೆಟ್ಟಿಂಗ್ ಫೈಲ್ ಇನ್ನೂ ಹಳೆ ವಿಳಾಸಕ್ಕೇ ಹೋಗಿ ಹುಡುಕುತ್ತಿತ್ತು.

102 ಅಂತ ತಿದ್ದಬೇಡಿ, ನಾಳೆ ಅದೂ ಬದಲಾಗಬಹುದು. ಹೆಸರನ್ನೇ ಹಾಕಿ: ಡೇಟಾ ಸೋರ್ಸ್=\\ಆಫೀಸ್‌ಪಿಸಿ\ಲೆಕ್ಕ\ಐಸ್.ಎಂಡಿಬಿ;

ಇಲ್ಲಿ ಓದಲು ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿ ಆ ಅಕ್ಷರವನ್ನು ಹಾಕುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಆ ಅಕ್ಷರ ಲಾಗಿನ್ ಆದವರಿಗೆ ಮಾತ್ರ ಸೇರಿದ್ದು. ಬೇರೆಯವರು ಲಾಗಿನ್ ಆದರೆ ಇರುವುದಿಲ್ಲ. 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು ತೆರೆದರೂ ಸಾಮಾನ್ಯವಾಗಿ ಕಾಣುವುದಿಲ್ಲ.

ಸ್ಟ್ರಿಂಗ್ ತಿದ್ದುವ ಮೊದಲು ಒಂದು ಪರೀಕ್ಷೆ ಮಾಡಿ. ಕೌಂಟರಿನ ಕಂಪ್ಯೂಟರಿನಲ್ಲಿ ಫೋಲ್ಡರ್ ಕಿಟಕಿ ತೆರೆದು, ಮೇಲಿನ ಪಟ್ಟಿಯಲ್ಲಿ \\ಆಫೀಸ್‌ಪಿಸಿ\ಲೆಕ್ಕ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ ಫೈಲ್ ಕಾಣದಿದ್ದರೆ ನಿಮ್ಮ ಸಾಫ್ಟ್‌ವೇರಿಗೂ ಕಾಣುವುದಿಲ್ಲ.

ಮಲ್ಪೆಯಿಂದ

ಕಾಣಲಿಲ್ಲ ಸರ್. 'ಸೆಕ್ಯುರಿಟಿ ಪಾಲಿಸಿ, ಗೆಸ್ಟ್ ಆಕ್ಸೆಸ್ ಬ್ಲಾಕ್' ಅಂತ ಏನೋ ಬಂತು. ನಾವು ಪಾಸ್‌ವರ್ಡ್ ಎಲ್ಲ ಇಟ್ಟಿರಲಿಲ್ಲ. ಹಳೆ ಕಂಪ್ಯೂಟರಿನಲ್ಲಿ ಕೇಳುತ್ತಲೂ ಇರಲಿಲ್ಲ.

ಇನ್ನೊಬ್ಬ ಸದಸ್ಯರು

ಫೈರ್‌ವಾಲ್ ಆಫ್ ಮಾಡಿ ಮಾರಾಯ್ರೆ, ಎಲ್ಲ ಸರಿ ಆಗುತ್ತದೆ. ನಮ್ಮ ಅಂಗಡಿಯಲ್ಲಿ ಹಾಗೇ ಮಾಡಿದ್ದು.

ಉತ್ತರ

ದಯವಿಟ್ಟು ಹಾಗೆ ಮಾಡಬೇಡಿ. ಸಂದೇಶದಲ್ಲಿ ಫೈರ್‌ವಾಲಿನ ಮಾತೇ ಇಲ್ಲ. ಇಡೀ ಪ್ಲಾಂಟಿನ ಲೆಕ್ಕ ಇರುವ ಕಂಪ್ಯೂಟರಿನ ಬಾಗಿಲನ್ನು ಒಂದು ಬಿಲ್ಲಿಗೋಸ್ಕರ ತೆರೆದಿಡುವುದು ಸರಿಯಲ್ಲ.

ಅಕ್ಕ, ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಒಳಗೆ ಹೋಗುವುದನ್ನು ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿಯಿಂದ ತಾನಾಗಿಯೇ ತಡೆಯುತ್ತದೆ. ನಿಮ್ಮ ಹೊಸ ಕಂಪ್ಯೂಟರ್ ಅದೇ ಇರಬೇಕು. ಪರಿಹಾರ ಸುಲಭ. ಆಫೀಸಿನ ಕಂಪ್ಯೂಟರಿನಲ್ಲಿ 'ಕೌಂಟರ್' ಅಂತ ಒಬ್ಬ ಯೂಸರ್ ಮಾಡಿ, ಪಾಸ್‌ವರ್ಡ್ ಕೊಡಿ. ಲೆಕ್ಕ ಫೋಲ್ಡರಿನ ಶೇರ್‌ನಲ್ಲಿ ಆ ಯೂಸರನ್ನು ಸೇರಿಸಿ. ಕೌಂಟರಿನಲ್ಲಿ ಅದೇ ದಾರಿ ಟೈಪ್ ಮಾಡಿದಾಗ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟು, 'ರಿಮೆಂಬರ್' ಗುರುತು ಹಾಕಿ. ಕೇಳದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ನೀವೇ ಸೇರಿಸಬಹುದು.

ಮಲ್ಪೆಯಿಂದ

ಆಯ್ತು ಸರ್, ಫೈಲ್ ಕಂಡಿತು! ಸಾಫ್ಟ್‌ವೇರ್ ಕೂಡ ತೆರೆಯಿತು, ಹಳೆ ಬಾಕಿ ಎಲ್ಲ ಬಂತು. ಆದರೆ ಬಿಲ್ ಸೇವ್ ಕೊಟ್ಟರೆ 'ಆಪರೇಷನ್ ಮಸ್ಟ್ ಯೂಸ್ ಆನ್ ಅಪ್‌ಡೇಟೆಬಲ್ ಕ್ವೆರಿ' ಅನ್ನುತ್ತದೆ. ಪುನಃ ಸ್ಟ್ರಿಂಗ್ ತಪ್ಪಾಯಿತಾ?

ಉತ್ತರ

ಇಲ್ಲ, ಸ್ಟ್ರಿಂಗ್ ಮುಟ್ಟಬೇಡಿ. ಅದರ ಕೆಲಸ ಮುಗಿಯಿತು. ಈ ಸಂದೇಶ ಕ್ವೆರಿಯ ಬಗ್ಗೆ ಮಾತಾಡಿದರೂ, ಇಂಥ ಕಡೆ ಬಹಳ ಸಲ ಅದರ ಅರ್ಥ ಒಂದೇ: ಓದಲು ಅನುಮತಿ ಇದೆ, ಬರೆಯಲು ಇಲ್ಲ.

ಎಂಡಿಬಿ ಫೈಲನ್ನು ಯಾರಾದರೂ ತೆರೆದ ಕೂಡಲೇ ಅದೇ ಫೋಲ್ಡರಿನಲ್ಲಿ ಎಲ್‌ಡಿಬಿ ಎನ್ನುವ ಚಿಕ್ಕ ಫೈಲ್ ಹುಟ್ಟುತ್ತದೆ. ಯಾರು ಒಳಗಿದ್ದಾರೆ, ಯಾವ ಸಾಲಿಗೆ ಬೀಗ ಹಾಕಿದ್ದಾರೆ ಅಂತ ಅದರ ಮೂಲಕವೇ ಲೆಕ್ಕ ಇಡುತ್ತಾರೆ. ಎಲ್ಲರೂ ಹೊರಗೆ ಬಂದ ಮೇಲೆ ಅದು ಅಳಿಯುತ್ತದೆ. ಆದ್ದರಿಂದ ಐಸ್.ಎಂಡಿಬಿ ಒಂದಕ್ಕೇ ಅನುಮತಿ ಕೊಟ್ಟರೆ ಸಾಲುವುದಿಲ್ಲ. ಇಡೀ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡುವ, ಬರೆಯುವ, ಅಳಿಸುವ ಹಕ್ಕು ಬೇಕು. ಅದನ್ನು ಎರಡು ಕಡೆ ಕೊಡಬೇಕು. ಪ್ರಾಪರ್ಟೀಸ್‌ನ 'ಶೇರಿಂಗ್' ಪುಟದಲ್ಲಿ ಒಮ್ಮೆ, 'ಸೆಕ್ಯುರಿಟಿ' ಪುಟದಲ್ಲಿ ಇನ್ನೊಮ್ಮೆ 'ಮಾಡಿಫೈ' ಅಂತ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಹೆಚ್ಚಿನವರು ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಮರೆಯುತ್ತಾರೆ.

ಇನ್ನೊಂದು ಮಾತು. ಕೌಂಟರಿನ ಕಂಪ್ಯೂಟರ್ ವೈಫೈಯಲ್ಲಿ ಇದ್ದರೆ ಕೇಬಲ್ ಎಳೆಸಿ. ಆಕ್ಸೆಸ್ ಫೈಲಿಗೆ ಬರೆಯುತ್ತಿರುವಾಗ ಮಧ್ಯದಲ್ಲಿ ನೆಟ್‌ವರ್ಕ್ ತಪ್ಪಿದರೆ ಫೈಲ್ ಕೆಡುವ ಸಾಧ್ಯತೆ ಜಾಸ್ತಿ.

ಪ್ರಶ್ನೆ (ಮಂಗಳೂರಿನಿಂದ)

ಸರ್, ಇದೇ ಮಾತು ಬಂದದ್ದಕ್ಕೆ ಕೇಳುತ್ತಿದ್ದೇನೆ. ಬಂದರಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಸಿ ಶಾರ್ಪಿನಲ್ಲಿ ಸ್ಟಾಕ್ ಸಾಫ್ಟ್‌ವೇರ್ ಮಾಡುತ್ತಿದ್ದೇನೆ, ಇದು ನನ್ನ ಮೊದಲ ಕೆಲಸ. ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ನನ್ನ ಲ್ಯಾಪ್‌ಟಾಪಿನಲ್ಲಿ ಸರಿ, ಅಂಗಡಿಯ ಮುಖ್ಯ ಕಂಪ್ಯೂಟರಿನಲ್ಲೂ ಸರಿ. ಗೋಡೌನಿನ ಕಂಪ್ಯೂಟರಿನಲ್ಲಿ ಮಾತ್ರ 'ಎರರ್ 26'. ಸ್ಟ್ರಿಂಗ್: ಸರ್ವರ್=.\ಎಸ್‌ಕ್ಯೂಎಲ್‌ಎಕ್ಸ್‌ಪ್ರೆಸ್; ಡೇಟಾಬೇಸ್=ಸ್ಟಾಕ್; ಇಂಟಿಗ್ರೇಟೆಡ್ ಸೆಕ್ಯುರಿಟಿ=ಟ್ರೂ;

ಉತ್ತರ

ನಿಮ್ಮ ಸ್ಟ್ರಿಂಗಿನ ಆ ಚುಕ್ಕಿ ನೋಡಿ. ಚುಕ್ಕಿ ಅಂದರೆ 'ಈ ಕಂಪ್ಯೂಟರೇ'. ಗೋಡೌನಿನಲ್ಲಿ ಅದು ಗೋಡೌನಿನ ಕಂಪ್ಯೂಟರಿನ ಒಳಗೇ ಸರ್ವರ್ ಹುಡುಕುತ್ತದೆ. ಅಲ್ಲಿ ಸರ್ವರ್ ಇಲ್ಲವಲ್ಲ. ಚುಕ್ಕಿ ತೆಗೆದು ಮುಖ್ಯ ಕಂಪ್ಯೂಟರಿನ ಹೆಸರು ಹಾಕಿ.

ಹಾಕಿದ ಮೇಲೂ ಮೊದಲ ಸಲಕ್ಕೆ ಸಿಗಲಿಕ್ಕಿಲ್ಲ. ಎಕ್ಸ್‌ಪ್ರೆಸ್‌ನಲ್ಲಿ ಟಿಸಿಪಿಐಪಿ, ಅಂದರೆ ಬೇರೆ ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ ಬರುವ ದಾರಿ, ಮೊದಲಿಂದಲೇ ಆಫ್ ಇರುತ್ತದೆ. ಮುಖ್ಯ ಕಂಪ್ಯೂಟರಿನಲ್ಲಿ ಕಾನ್ಫಿಗರೇಷನ್ ಮ್ಯಾನೇಜರ್ ತೆರೆದು ಅದನ್ನು ಆನ್ ಮಾಡಿ. ಇನ್‌ಸ್ಟೆನ್ಸ್ ಹೆಸರು (ನಿಮ್ಮ ಸಾಲಿನಲ್ಲಿ ಚುಕ್ಕಿ, ಗೆರೆಯ ನಂತರ ಇರುವುದು) ಹಾಕಿ ಹುಡುಕಿದರೆ, ಅದು ಯಾವ ಪೋರ್ಟಿನಲ್ಲಿದೆ ಅಂತ ಹೇಳಲು ಎಸ್‌ಕ್ಯೂಎಲ್ ಬ್ರೌಸರ್ ಎನ್ನುವ ಸರ್ವಿಸ್ ನಡೆಯುತ್ತಿರಬೇಕು, ಯುಡಿಪಿ 1434 ತೆರೆದಿರಬೇಕು. ಎರರ್ 26 ಬರುವುದು ಈ ಹುಡುಕಾಟ ಸೋತಾಗಲೇ. ಎರಡು ಕಂಪ್ಯೂಟರಿನ ಅಂಗಡಿಗೆ ನಾನು ಬ್ರೌಸರನ್ನು ನಂಬಿ ಕೂರುವುದಿಲ್ಲ. ಟಿಸಿಪಿಐಪಿಯ 'ಐಪಿ ಆಲ್' ಭಾಗದಲ್ಲಿ ಡೈನಾಮಿಕ್ ಪೋರ್ಟ್ ಖಾಲಿ ಮಾಡಿ, 1433 ಅಂತ ಗಟ್ಟಿ ಮಾಡುತ್ತೇನೆ. ನಂತರ ಸರ್ವಿಸ್ ರೀಸ್ಟಾರ್ಟ್ ಆಗಲೇಬೇಕು. ಫೈರ್‌ವಾಲಿನಲ್ಲಿ ಟಿಸಿಪಿ 1433 ಒಂದನ್ನೇ, ಪ್ರೈವೇಟ್ ನೆಟ್‌ವರ್ಕಿಗೆ ಮಾತ್ರ ತೆರೆಯಿರಿ. ಆಗ ಸ್ಟ್ರಿಂಗ್ ಹೀಗಾಗುತ್ತದೆ: ಸರ್ವರ್=ಅಂಗಡಿಪಿಸಿ,1433. ನಡುವೆ ಇರುವುದು ಕಾಮಾ, ಕೋಲನ್ ಅಲ್ಲ. ಈ ಒಂದು ಗುರುತಿಗೆ ನಾನು ಒಮ್ಮೆ ಸುರತ್ಕಲ್‌ನಲ್ಲಿ ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದೇನೆ.

ಇದೆಲ್ಲ ಮಾಡುವಾಗ ನಿಮ್ಮ ಪ್ರೋಗ್ರಾಮನ್ನು ಮತ್ತೆ ಮತ್ತೆ ಬಿಲ್ಡ್ ಮಾಡಬೇಡಿ. ಡೆಸ್ಕ್‌ಟಾಪಿನಲ್ಲಿ ಖಾಲಿ ಟೆಕ್ಸ್ಟ್ ಫೈಲ್ ಮಾಡಿ, ಕೊನೆಯ ಟಿಎಕ್ಸ್‌ಟಿ ತೆಗೆದು ಯುಡಿಎಲ್ ಅಂತ ಹೆಸರು ಕೊಟ್ಟು ಡಬಲ್ ಕ್ಲಿಕ್ ಮಾಡಿ. ಸರ್ವರ್, ಯೂಸರ್, ಡೇಟಾಬೇಸ್ ತುಂಬಿಸುವ ಕಿಟಕಿ ಬರುತ್ತದೆ, 'ಟೆಸ್ಟ್ ಕನೆಕ್ಷನ್' ಬಟನ್ನೂ ಇರುತ್ತದೆ. ಮಲ್ಪೆಯ ಅಕ್ಕ ಇದನ್ನು ನೋಡಿ ತಲೆಬಿಸಿ ಮಾಡಿಕೊಳ್ಳುವುದು ಬೇಡ. 64 ಬಿಟ್ ವಿಂಡೋಸಿನಲ್ಲಿ ಇದು 64 ಬಿಟ್ ಆಗಿ ತೆರೆಯುತ್ತದೆ, ಜೆಟ್ ಆ ಪಟ್ಟಿಯಲ್ಲಿ ಇರುವುದಿಲ್ಲ.

ಮಂಗಳೂರಿನಿಂದ

26 ಹೋಯಿತು ಸರ್. ಈಗ 'ಲಾಗಿನ್ ಫೇಲ್ಡ್, ಅನ್‌ಟ್ರಸ್ಟೆಡ್ ಡೊಮೈನ್' ಅಂತ ಬರುತ್ತಿದೆ.

ಉತ್ತರ

ಒಳ್ಳೆಯದಾಯಿತು! ಇಷ್ಟು ಹೊತ್ತು ಮನೆಯೇ ಸಿಗುತ್ತಿರಲಿಲ್ಲ. ಈಗ ಮನೆ ಸಿಕ್ಕಿದೆ, ಒಳಗಿನವರು 'ಯಾರು ನೀವು' ಅಂತ ಕೇಳುತ್ತಿದ್ದಾರೆ.

'ಇಂಟಿಗ್ರೇಟೆಡ್ ಸೆಕ್ಯುರಿಟಿ' ಅಂದರೆ ವಿಂಡೋಸ್ ಲಾಗಿನ್ನನ್ನೇ ಗುರುತಾಗಿ ತೋರಿಸುವುದು. ಎಲ್ಲ ಕಂಪ್ಯೂಟರಿನ ಯೂಸರುಗಳನ್ನು ಒಂದೇ ಕಡೆ ನೋಡಿಕೊಳ್ಳುವ ಡೊಮೈನ್ ಇಲ್ಲದ ಅಂಗಡಿಯಲ್ಲಿ ಗೋಡೌನಿನ ವಿಂಡೋಸ್ ಯೂಸರ್ ಯಾರು ಅಂತ ಮುಖ್ಯ ಕಂಪ್ಯೂಟರಿಗೆ ಗೊತ್ತಿಲ್ಲ. ಸರ್ವರಿನಲ್ಲಿ ಮಿಕ್ಸ್ಡ್ ಮೋಡ್ (ವಿಂಡೋಸ್ ಲಾಗಿನ್ ಜೊತೆಗೆ ಸರ್ವರಿನದ್ದೇ ಲಾಗಿನ್ನನ್ನೂ ಒಪ್ಪುವುದು) ಆನ್ ಮಾಡಿ ರೀಸ್ಟಾರ್ಟ್ ಮಾಡಿ. ಸ್ಟಾಕ್ ಡೇಟಾಬೇಸಿಗೆ ಮಾತ್ರ ಹಕ್ಕಿರುವ ಒಂದು ಲಾಗಿನ್ ಮಾಡಿ, ಸ್ಟ್ರಿಂಗಿನಲ್ಲಿ ಇಂಟಿಗ್ರೇಟೆಡ್ ಬದಲು 'ಯೂಸರ್ ಐಡಿ', 'ಪಾಸ್‌ವರ್ಡ್' ಹಾಕಿ. 'ಎಸ್‌ಎ' ಲಾಗಿನ್ ಬಳಸಬೇಡಿ, ಅದಕ್ಕೆ ಸರ್ವರಿನ ಎಲ್ಲ ಹಕ್ಕೂ ಇದೆ. ಗೋಡೌನಿನಲ್ಲಿ ಆ ಫೈಲನ್ನು ಯಾರಾದರೂ ಓದಿದರೆ ಇಡೀ ಸರ್ವರಿನ ಕೀಲಿಕೈ ಅವರ ಕೈಗೆ ಹೋಗುತ್ತದೆ. ಪಾಸ್‌ವರ್ಡಿನಲ್ಲಿ ಸೆಮಿಕೋಲನ್ ಬೇಡ, ಸ್ಟ್ರಿಂಗ್ ಅಲ್ಲಿಗೇ ತುಂಡಾಗುತ್ತದೆ. ಇರಲೇಬೇಕಾದರೆ ಪಾಸ್‌ವರ್ಡನ್ನು ಕೊಟೇಷನ್ ಗುರುತಿನ ಒಳಗೆ ಇಡಿ.

ಮಂಗಳೂರಿನಿಂದ

ಆಯ್ತು ಸರ್. ಕೊನೆಯದೊಂದು. ನನ್ನ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್.ಡೇಟಾ.ಎಸ್‌ಕ್ಯೂಎಲ್‌ಕ್ಲೈಂಟ್ (ಸಿ ಶಾರ್ಪಿನಿಂದ ಸರ್ವರಿಗೆ ಹೋಗುವ ಲೈಬ್ರರಿ) ಹೊಸ ಆವೃತ್ತಿ ಹಾಕಿದರೆ ಸರ್ಟಿಫಿಕೇಟ್ ನಂಬಿಕೆಯದ್ದಲ್ಲ ಅನ್ನುತ್ತದೆ.

ಉತ್ತರ

2021ರ 4.0 ಆವೃತ್ತಿಯಿಂದ ಅದರಲ್ಲಿ ಎನ್‌ಕ್ರಿಪ್ಟ್ ತಾನಾಗಿ ಆನ್ ಇರುತ್ತದೆ. ಒಂದೇ ಕಟ್ಟಡದ ಒಳಗಿನ ನೆಟ್‌ವರ್ಕ್ ಆದರೆ 'ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್=ಟ್ರೂ' ಸಾಕು. ಇಂಟರ್ನೆಟ್ ಮೂಲಕ ಹೋಗುವುದಾದರೆ ಸಾಲದು, ಸರಿಯಾದ ಸರ್ಟಿಫಿಕೇಟೇ ಹಾಕಬೇಕು.

ಮಲ್ಪೆಯಿಂದ

ಸರ್, ಸೆಕ್ಯುರಿಟಿ ಪುಟದಲ್ಲೇ ಇದ್ದದ್ದು. ಮಾಡಿಫೈ ಕೊಟ್ಟ ಕೂಡಲೇ ಬಿಲ್ ಸೇವ್ ಆಯಿತು, ಆಫೀಸಿನಲ್ಲೂ ಕಂಡಿತು. ಎರಡು ದಿನದ ಬಿಲ್ ಒಟ್ಟು 74 ಇತ್ತು, ರಾತ್ರಿ ಕೂತು ಎಲ್ಲ ಹಾಕಿ ಮುಗಿಸಿದೆ. ಆ ಡಿ ಡ್ರೈವಿನ ಫೈಲನ್ನು ಅಳಿಸಬಹುದಾ?

ಉತ್ತರ

ಈಗಲೇ ಬೇಡ ಅಕ್ಕ. ಅದರ ಹೆಸರಿನ ಮುಂದೆ 'ಹಳೆ' ಅಂತ ಸೇರಿಸಿ, ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಡಿ. ಡಿ ಡ್ರೈವಿನಿಂದ ತೆಗೆಯಿರಿ, ಇಲ್ಲದಿದ್ದರೆ ಯಾರಾದರೂ ಮತ್ತೆ ಅದನ್ನೇ ತೆರೆಯುತ್ತಾರೆ. ತಿಂಗಳ ಕೊನೆಗೆ ಬೋಟಿನವರ ಬಾಕಿ ತಾಳೆಯಾದ ಮೇಲೆ ಪೆನ್‌ಡ್ರೈವಿನದ್ದನ್ನೂ ಅಳಿಸಿ. ಹಾಗೇ ಈಗಿನ ಸರಿಯಾದ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಆ ಬೀರುವಿನ ಬಾಗಿಲಿನ ಒಳಗೆ ಅಂಟಿಸಿ. ಮೋಡ ಕವಿದಾಗ, ಗುಡುಗು ಶುರುವಾಗುವ ಮೊದಲೇ ರೌಟರಿನ ಕರೆಂಟ್ ಪ್ಲಗ್ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಎಳೆದಿಡಲು ಕೌಂಟರಿನವರಿಗೆ ಹೇಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.