ಥಾರ್ ಬೇಟೆಗೆ ಒಂದೇ ರೈಫಲ್ ಕೊಳ್ಳುವುದಾದರೆ ಯಾವ ಬೋರ್?

ವಿದ್ಯಾನಗರದವನು, ದಾವಣಗೆರೆ:

ಮಾನ್ಯರೇ,

ನನ್ನ ತಮ್ಮ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಬಳಿ ಹೈನುಗಾರಿಕೆಯ ಕೆಲಸದಲ್ಲಿದ್ದಾನೆ. ಅಲ್ಲಿನ ಬಂದೂಕು ಪರವಾನಗಿ ಅವನ ಕೈಸೇರಿದ್ದು, ಮೇ ತಿಂಗಳಲ್ಲಿ ಜೊತೆಗಾರರೊಡನೆ ದಕ್ಷಿಣ ಆಲ್ಪ್ಸ್ ಪರ್ವತಗಳಿಗೆ ಥಾರ್ ಬೇಟೆಗೆ ಹೊರಟಿದ್ದಾನೆ. ಥಾರ್ ಎಂದರೆ ನಮ್ಮ ಹಿಮಾಲಯದ ಕಾಡುಮೇಕೆಯೇ. 1904ರಲ್ಲಿ ಬೇಟೆಗೆಂದು ಅಲ್ಲಿಗೆ ಒಯ್ದು ಬಿಟ್ಟ ಈ ಪ್ರಾಣಿ, ಹಿಡಿದು ತಿನ್ನುವ ಮೃಗಗಳಿಲ್ಲದ ಆ ನಾಡಿನಲ್ಲಿ ಬೆಳೆದು ಬೆಟ್ಟದ ಹುಲ್ಲನ್ನೆಲ್ಲ ಬೋಳಿಸತೊಡಗಿದ್ದರಿಂದ, ಅದರ ಸಂಖ್ಯೆಯನ್ನು ತಗ್ಗಿಸಲು ಅಲ್ಲಿನ ಸರ್ಕಾರವೇ 1993ರಲ್ಲಿ ಯೋಜನೆ ಮಾಡಿತು. ನಮ್ಮಲ್ಲಿ 1972ರ ಕಾಯ್ದೆಯಿಂದ ಬೇಟೆ ನಿಂತುಹೋಗಿರುವುದು ಎಲ್ಲರಿಗೂ ತಿಳಿದಿದೆ. ನನ್ನ ಪ್ರಶ್ನೆ ಅಲ್ಲಿಗೆ ಮಾತ್ರ ಸಂಬಂಧಿಸಿದ್ದು.

ಅದೇ ರೈಫಲ್ ಮುಂದೆ ಕೆಂಪು ಜಿಂಕೆಗೂ ಒದಗಬೇಕು ಎಂಬುದು ಅವನ ಅಪೇಕ್ಷೆ. 6.5 ಕ್ರೀಡ್‌ಮೂರ್, .270 ವಿಂಚೆಸ್ಟರ್ ಮತ್ತು .300 ವಿಂಚೆಸ್ಟರ್ ಮ್ಯಾಗ್ನಮ್ ಅವನ ಪಟ್ಟಿಯಲ್ಲಿವೆ. ಬೋರ್ ಎಂದರೆ ನಳಿಗೆಯ ಒಳ ಅಗಲ; 6.5 ಎಂಬುದು ಮಿಲಿಮೀಟರಿನ ಲೆಕ್ಕ, ಉಳಿದವು ಇಂಚಿನ ಲೆಕ್ಕ. ಅಂಗಡಿಯವರು ಮೂರನೆಯದನ್ನೇ ಒತ್ತಿ ಹೇಳುತ್ತಿದ್ದಾರಂತೆ. ಬಂದೂಕಿನ ವಿಷಯದಲ್ಲಿ ನನ್ನ ಅನುಭವವೆಂದರೆ ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಬೆಳೆ ರಕ್ಷಣೆಗೆಂದು ಅಜ್ಜ ಇಟ್ಟುಕೊಂಡಿದ್ದ .315 ಮಾತ್ರ. ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದೇ ಒಂದು ಬಾರಿ, ಕೆರೆ ಏರಿಯ ಮಣ್ಣಿಗೆ ಒಂದು ಈಡು ಹೊಡೆಯಲು ಅಜ್ಜ ಬಿಟ್ಟಿದ್ದರು. ಭುಜ ನೀಲಿಗಟ್ಟಿ, ಅಜ್ಜಿ ಎರಡು ದಿನ ಉಪ್ಪಿನ ಶಾಖ ಕೊಟ್ಟಿದ್ದರು. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ನಿವೃತ್ತ ಸುಬೇದಾರ್, ಚಿತ್ರದುರ್ಗ:

ಆ ನೀಲಿಗಟ್ಟಿದ ಭುಜವನ್ನು ಮರೆಯಬೇಡಿ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲಿಯೇ ಇದೆ. ನಾನು ಬೇಟೆಗಾರನಲ್ಲ, ಆದರೆ ಎತ್ತರದ ಬೆಟ್ಟಗಳಲ್ಲಿ ನಾಲ್ಕು ಕಿಲೋ ಮೀರಿದ ಸೈನ್ಯದ ರೈಫಲ್ ಎಸ್‌ಎಲ್‌ಆರ್ ಹೊತ್ತು ವರ್ಷಗಟ್ಟಲೆ ನಡೆದವನು. ಏರು ಹತ್ತಿ ಏದುಸಿರು ಬಿಡುತ್ತಿರುವವನಿಗೆ ಗುಂಡಿನ ಬಲಕ್ಕಿಂತ ಮೊದಲು ಕೈಕೊಡುವುದು ಅವನದೇ ಉಸಿರು ಮತ್ತು ಭುಜ. ಬೆಟ್ಟಕ್ಕೆಂದು ಜನ ಹಗುರವಾದ ರೈಫಲನ್ನು ಆರಿಸುತ್ತಾರೆ, ಅದು ಸರಿಯೇ. ಆದರೆ ತೋಟಾ ಅದೇ ಇದ್ದು ರೈಫಲಿನ ತೂಕ ಅರ್ಧವಾದರೆ ಒದೆತ, ಅಂದರೆ ಈಡು ಹಾರಿದಾಗ ರೈಫಲ್ ಭುಜಕ್ಕೆ ಕೊಡುವ ಹೊಡೆತ, ಎರಡರಷ್ಟಾಗುತ್ತದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಒಂದೇ ತೂಕದ ರೈಫಲಿನಲ್ಲಿಯೂ .300 ಮ್ಯಾಗ್ನಮಿನ ಒದೆತ .270ಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಎರಡು ಬಾರಿ ಹಾಗೆ ಒದೆಸಿಕೊಂಡವನು ಮೂರನೆಯ ಬಾರಿ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ.

ನಿಮ್ಮ ತಮ್ಮನಿಗೆ ಒಂದು ಪರೀಕ್ಷೆ ಹೇಳಿ. ತಾಲೀಮು ಮೈದಾನದಲ್ಲಿ ಜೊತೆಗಾರನೊಬ್ಬ ರೈಫಲನ್ನು ತುಂಬಿಕೊಡಲಿ; ಕೆಲವೊಮ್ಮೆ ನಿಜವಾದ ತೋಟಾ, ಕೆಲವೊಮ್ಮೆ ಮದ್ದಿಲ್ಲದ ಡಮ್ಮಿ, ಯಾವುದೆಂದು ಇವನಿಗೆ ತಿಳಿಯಕೂಡದು. ಡಮ್ಮಿಯ ಮೇಲೆ ಕುದುರೆ ಎಳೆದಾಗ ನಳಿಗೆಯ ತುದಿ ಕೆಳಕ್ಕೆ ಕುಸಿದರೆ ಅವನು ಒದೆತಕ್ಕೆ ಮೊದಲೇ ಬೆಚ್ಚುತ್ತಿದ್ದಾನೆ ಎಂದರ್ಥ, ಆ ಬೋರ್ ಅವನಿಗೆ ಸಲ್ಲದು. ಮನೆಯಲ್ಲಿಯಾದರೆ ಖಾಲಿ ರೈಫಲಿನ ನಳಿಗೆಯ ತುದಿಯಲ್ಲಿ ನಾಣ್ಯವೊಂದನ್ನಿಟ್ಟು ಕುದುರೆ ಎಳೆಯಲಿ, ನಾಣ್ಯ ಬೀಳಬಾರದು. ಖಾಲಿ ಎಂಬುದನ್ನು ಎರಡು ಬಾರಿ ನೋಡಿಕೊಳ್ಳಲಿ.

ನನ್ನ ಆಯ್ಕೆ .270. ಇದು 1925ರಿಂದ ಬಳಕೆಯಲ್ಲಿರುವ ತೋಟಾ. 130 ಗ್ರೇನ್, ಅಂದರೆ ಸುಮಾರು ಎಂಟೂವರೆ ಗ್ರಾಂ ತೂಕದ ಗುಂಡು ಸೆಕೆಂಡಿಗೆ 930 ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. 200 ಮೀಟರಿನಲ್ಲಿ ಈಡು ಗುರಿಗೇ ಬೀಳುವಂತೆ ಹೊಂದಿಸಿದರೆ 300 ಮೀಟರಿನಲ್ಲಿ ಒಂದು ಗೇಣಿಗಿಂತ ತುಸು ಕಡಿಮೆ ಇಳಿಯುತ್ತದೆ, 400ರಲ್ಲಿ ಒಂದು ಮೊಳವನ್ನೂ ಮೀರುತ್ತದೆ. ಆದ್ದರಿಂದ ಮೊದಲ ವರ್ಷ 300ರ ಆಚೆ ಹೊಡೆಯದಿರುವುದು ಒಳ್ಳೆಯದು. ಕ್ರೀಡ್‌ಮೂರ್ ಇನ್ನೂ ಮೆತ್ತಗೆ ಒದೆಯುತ್ತದೆ, ಥಾರಿಗೆ ಸಾಕು, ಅದನ್ನು ಕೊಂಡರೂ ತಪ್ಪಿಲ್ಲ.

ಬೋರಿಗಿಂತ ಗುಂಡಿನ ಕಟ್ಟುವಿಕೆಗೆ ಹೆಚ್ಚು ಗಮನ ಕೊಡಬೇಕು. ತೆಳು ಹೊದಿಕೆಯ ಗುಂಡು ಹೋತದ ಭುಜದ ಎಲುಬಿಗೆ ತಾಗಿ ಅಲ್ಲಿಯೇ ಚೂರಾಗಬಹುದು. ಸೀಸವನ್ನು ಹೊದಿಕೆಗೆ ಬೆಸೆದ ಗುಂಡು ಅಥವಾ ಪೂರ್ತಿ ತಾಮ್ರದ ಗುಂಡು ಒಳಹೊಕ್ಕು ಶ್ವಾಸಕೋಶವನ್ನು ತಲುಪುತ್ತದೆ.

ಕಾಲೇಜು ಮೇಷ್ಟ್ರು, ದಾವಣಗೆರೆ:

ಸುಬೇದಾರರು ಹೇಳಿದ ಗೇಣು ಮೊಳಗಳೆಲ್ಲ ಸಮತಟ್ಟಾದ ನೆಲದ ಲೆಕ್ಕ. ಚಿತ್ರದುರ್ಗದ ಕೋಟೆಯ ಬತೇರಿಯ ಮೇಲೆ ನಿಂತು ಕೆಳಗಿನ ಬಂಡೆಯನ್ನು ನೋಡುವಂತೆ ಇಳಿಜಾರಿನಲ್ಲಿ ನೋಡುವಾಗ, ಗುಂಡನ್ನು ಕೆಳಕ್ಕೆಳೆಯುವ ಲೆಕ್ಕಕ್ಕೆ ಬರುವುದು ಕಣ್ಣಿನ ನೇರದ ದೂರವಲ್ಲ, ಅಡ್ಡ ದೂರ. 30 ಡಿಗ್ರಿ ಇಳಿಜಾರಿನಲ್ಲಿ ದೂರಮಾಪಕ 300 ಮೀಟರ್ ತೋರಿಸಿದರೆ 260 ಮೀಟರಿಗೆ ಹೊಡೆಯಬೇಕು. ಪೂರ್ತಿ 300ಕ್ಕೆ ಎತ್ತಿ ಹಿಡಿದರೆ ಈಡು ಮೇಲೆ ಹೋಗುತ್ತದೆ. ಏರಿನಲ್ಲಿಯೂ ಹೀಗೆಯೇ ಎಂದರೆ ನನ್ನ ವಿದ್ಯಾರ್ಥಿಗಳು ಒಪ್ಪುವುದಿಲ್ಲ, ಏರಿಗೆ ಕೆಳಗೆ ಬೀಳಬೇಕಲ್ಲವೇ ಎಂದು ವಾದಿಸುತ್ತಾರೆ. ಹಲಗೆಯ ಮೇಲೆ ತ್ರಿಕೋನ ಬರೆದು ತೋರಿಸಿದ ಮೇಲೆ ಸುಮ್ಮನಾಗುತ್ತಾರೆ.

ಇನ್ನೊಂದು ಮಾತು. ಈಡು ಬಿದ್ದ ಥಾರ್ ನಿಂತಲ್ಲಿಯೇ ಬೀಳುವುದಿಲ್ಲ, ಪ್ರಪಾತಕ್ಕೆ ಉರುಳುತ್ತದೆ. ಇಳಿದು ತರಲಾಗದ ಜಾಗದಲ್ಲಿ ನಿಂತಿರುವಾಗ ಹೊಡೆಯಕೂಡದು.

ಜಗಳೂರಿನ ಓದುಗ:

ನಮ್ಮ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿಯನ್ನು (ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿ) ಕಣ್ಣಾರೆ ಕಂಡವನಿಗೆ ಇಂಥ ಚರ್ಚೆ ಸ್ವಲ್ಪ ಕಸಿವಿಸಿ ತರುತ್ತದೆ, ಆದರೆ ಅಲ್ಲಿನ ಪರಿಸ್ಥಿತಿ ಬೇರೆ ಎಂದು ಒಪ್ಪುತ್ತೇನೆ. ಕುತೂಹಲಕ್ಕೆ ಕೇಳುತ್ತೇನೆ: ದೊಡ್ಡ ಬೇಟೆಗೆ .375 ಹಾಲೆಂಡ್ ಅಂಡ್ ಹಾಲೆಂಡ್ ಎಂದು ಹೇಳುತ್ತಾರಲ್ಲ, ಅದೇಕೆ ಬೇಡ? ಅಜ್ಜನ .315 ಬೆಟ್ಟಕ್ಕೆ ಆಗುತ್ತಿರಲಿಲ್ಲವೇ?

ನಿವೃತ್ತ ಸುಬೇದಾರ್, ಚಿತ್ರದುರ್ಗ:

.375 ಎಂಬುದು 1912ರಲ್ಲಿ ಬಂದದ್ದು. ಆಫ್ರಿಕಾದ ಹಲವು ದೇಶಗಳಲ್ಲಿ ಕಾಡೆಮ್ಮೆ, ಆನೆಗಳಂಥ ಅಪಾಯದ ಪ್ರಾಣಿಗಳಿಗೆ ಅದಕ್ಕಿಂತ ಕಡಿಮೆಯದನ್ನು ಬಳಸುವಂತಿಲ್ಲ. ಮೈಮೇಲೆ ನುಗ್ಗದ ಮೇಕೆಗೆ ಆ ಭಾರವೇಕೆ? .315 ಕೂಡ ಬೆಟ್ಟದ ಬಂದೂಕಲ್ಲ. ಸೈನ್ಯದ .303 ತೋಟಾ ಜನರ ಕೈಗೆ ಸಿಗಬಾರದೆಂದು ಬ್ರಿಟಿಷರ ಕಾಲದಲ್ಲಿ ರೂಢಿಗೆ ಬಂದ ಬೋರ್ ಅದು. ಗುಂಡು ಭಾರ, ವೇಗ ಕಡಿಮೆ, ದೂರಕ್ಕೆ ಹೋದಂತೆ ಬೇಗ ಇಳಿಯುತ್ತದೆ. ಹೊಲದಂಚಿಗೆ ಅದು ಸಾಕು. ಇನ್ನು ಸಣ್ಣ ಬೋರ್ ಎಂದು ಹಗುರವಾಗಿ ಕಾಣುವವರಿಗೆ ಒಂದು ನೆನಪು: ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದದ್ದು .275 ರಿಗ್ಬಿ.

ವಿದ್ಯಾನಗರದವನು, ದಾವಣಗೆರೆ:

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ನನ್ನ ತಮ್ಮ ತನ್ನ ಗೆಳೆಯರ ರೈಫಲುಗಳನ್ನು ಎರವಲು ಪಡೆದು ಸುಬೇದಾರರ ಪರೀಕ್ಷೆಯನ್ನು ಮಾಡಿ ನೋಡಿದನಂತೆ. .300ರಲ್ಲಿ ನಾಲ್ಕನೆಯ ತೋಟಾ ಡಮ್ಮಿಯಾಗಿತ್ತು. ನಳಿಗೆ ನೆಲ ನೋಡಿತು, ಸುತ್ತಲಿದ್ದವರು ನಕ್ಕರು. .270ರಲ್ಲಿ ಹಾಗಾಗಲಿಲ್ಲ. ಕೊನೆಗೆ 3.1 ಕಿಲೋದ .270 ಬೋಲ್ಟ್ ರೈಫಲನ್ನೇ ಗೊತ್ತುಮಾಡಿದ್ದಾನೆ, ಉಳಿದ ಹಣ ಬೆಟ್ಟದ ಬೂಟುಗಳಿಗೆ ಹೋಯಿತು. ಗುಂಡು 130 ಗ್ರೇನಿನದೋ 150ರದೋ ಎಂದು ಈಗ ಕೇಳುತ್ತಿದ್ದಾನೆ.

ನಿವೃತ್ತ ಸುಬೇದಾರ್, ಚಿತ್ರದುರ್ಗ:

ಎರಡರದೂ ಒಂದೊಂದು ಡಬ್ಬಿ ತಂದು 100 ಮೀಟರಿನಲ್ಲಿ ಮೂರು ಮೂರು ಹೊಡೆಯಲಿ, ನಡುವೆ ನಳಿಗೆ ಆರಲು ಬಿಡಲಿ. ಯಾವುದರ ತೂತುಗಳು ಒತ್ತಾಗಿ ಬೀಳುತ್ತವೆಯೋ ಅದನ್ನೇ ಇಟ್ಟುಕೊಳ್ಳಲಿ.